ತೊಂಬತ್ತರಲ್ಲೂ ಚಿಗುರುವ ಕಸುವು

ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದೊಂದು ಉಕ್ಕಿನ ಹಿಡಿ. ಮೇಲೆ ಗುಂಡನೆಯ ಡಯಲು, ಅದರೊಳಗೊಂದು ಮುಳ್ಳು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊಣಕೈ ಮಡಚಿ, ಮೂರೇ ಮೂರು ಸೆಕೆಂಡು ಮೈಯಲ್ಲಿರುವ ಕಸುವನ್ನೆಲ್ಲ ಬೆರಳಿಗೆ ತಂದು ಅದುಮಬೇಕು. ಮುಳ್ಳು ಇಪ್ಪತ್ತು ಕಿಲೋಗೋ ಮೂವತ್ತಕ್ಕೋ ನಲವತ್ತಕ್ಕೋ ಏರಿ ನಿಲ್ಲುತ್ತದೆ. ಮುಗಿಯಿತು! ಸೂಜಿ ಚುಚ್ಚಲಿಲ್ಲ, ರಕ್ತ ತೆಗೆಯಲಿಲ್ಲ, ಯಂತ್ರದ ಸುರಂಗದೊಳಗೆ ಮಲಗಿಸಲಿಲ್ಲ. ಆದರೆ ಆ ಮುಳ್ಳು ಎಲ್ಲಿ ನಿಂತಿತು ಎಂಬುದು, ಬರುವ ವರ್ಷಗಳಲ್ಲಿ ಆ ಮನುಷ್ಯನ ಪ್ರಾಣಕ್ಕೆ ಎಷ್ಟು ಅಪಾಯವಿದೆ ಎಂಬುದನ್ನು ಬಿಪಿ ನೋಡುವ ಪಟ್ಟಿಗಿಂತಲೂ ಚೆನ್ನಾಗಿ ಸೂಚಿಸುತ್ತದೆ ಎಂದರೆ ನಂಬುತ್ತೀರಾ?

ನಂಬಲೇಬೇಕಾದ ಲೆಕ್ಕ 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ, ಕೇರಳ ಮೂಲದ ಹೃದ್ರೋಗ ತಜ್ಞ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ ನಡೆಯುತ್ತಿರುವ ‘ಪ್ಯೂರ್’ ಎಂಬ ಮಹಾ ಅಧ್ಯಯನ ಅದು. 17 ದೇಶಗಳು, 1,39,691 ಮಂದಿ, ಸುಮಾರು ನಾಲ್ಕು ವರ್ಷಗಳ ನಿಗಾ. ಮುಷ್ಟಿಯ ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚು. ಹೃದಯ, ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಅಷ್ಟೂ ಜನರಲ್ಲಿ ದೊಡ್ಡದೊಂದು ಪಾಲು ನಮ್ಮ ದೇಶದವರೇ. ಈ ಅಧ್ಯಯನದ ಭಾರತದ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ! ದೂರದ ಯಾವುದೋ ಬಿಳಿಯರ ಮೈಯ ಕಥೆ ಎಂದು ಇದನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಅದುಮಿದ ಕೈಗಳಲ್ಲಿ ನಮ್ಮವೂ ಇದ್ದವು.

ಕೈ ಎಂದರೆ ನನ್ನ ಕಣ್ಣಿಗೆ ಬರುವುದು ಚನ್ನಗಿರಿ ತಾಲ್ಲೂಕಿನ ನಲ್ಲೂರು, ಅಲ್ಲಿನ ಅಡಿಕೆ ಕಾಲ. ಕೊನೆ ಇಳಿಸಿ ತಂದು ರಾಶಿ ಹಾಕಿದ ಮೇಲೆ ಸುಲಿಯುವ ಹೆಂಗಸರು ಸಾಲಾಗಿ ಕೂರುತ್ತಾರೆ. ಸುಲಿಯುವ ಯಂತ್ರಗಳು ಬಂದಿವೆ, ನಿಜ. ಆದರೂ ಮೆಟ್ಟುಗತ್ತಿಯ ಮುಂದೆ ಕೂತ ಕೈಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ಹೆಬ್ಬೆರಳಿಗೆ ಬಟ್ಟೆ ಚೂರು ಸುತ್ತಿದೆ, ಉಗುರಿನ ಸಂದಿಯಲ್ಲಿ ಅಡಿಕೆಯ ಕಂದು ಕರೆ ಕೂತಿದೆ. ಹಸಿ ಕಾಯಿಯನ್ನು ಅಲಗಿಗೆ ಒತ್ತಿ, ಒಂದು ಸಲ ಹಿಂಡಿ, ಒಂದು ಸಲ ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಬೆಳಗಿನಿಂದ ಸಂಜೆಯವರೆಗೆ ಹೀಗೇ. ಆ ಮುಷ್ಟಿಗೆ ಡಯಲಿನ ಹಿಡಿ ಕೊಟ್ಟರೆ ಪೇಟೆಯ ಎಷ್ಟೋ ಗಂಡಸರು ತಲೆ ತಗ್ಗಿಸಬೇಕಾದೀತು. ಆದರೆ ಆ ಕೈಯ ಒಡತಿ, ಸಾಲಿನಲ್ಲಿ ಕೂತ ಅಜ್ಜಿ, ಸಂಜೆ ಏಳುವಾಗ ನೋಡಿ. ಎರಡೂ ಕೈಯನ್ನು ಮಂಡಿಗೆ ಊರುತ್ತಾಳೆ, “ಅಯ್ಯೋ ಶಿವನೇ” ಅನ್ನುತ್ತಾಳೆ, ಮುಂದಕ್ಕೆ ಬಾಗುತ್ತಾಳೆ, ಪಕ್ಕದವಳ ಭುಜ ಹಿಡಿಯುತ್ತಾಳೆ. ಕೈಗೆ ಜೀವಮಾನವಿಡೀ ಕೆಲಸ ಸಿಕ್ಕಿತು. ತೊಡೆಗೆ ಸಿಗಲಿಲ್ಲ. ಈ ಲೇಖನ ಆ ತೊಡೆಯ ಬಗ್ಗೆ.

ಅದಕ್ಕೂ ಮೊದಲು ಮೈಸೂರಿಗೆ ಹೋಗಿಬರೋಣ. ಏಕೆಂದರೆ ಬಲದ ಕಥೆ ನಾವಂದುಕೊಂಡದ್ದಕ್ಕಿಂತ ಬಹಳ ಹಿಂದೆ, ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ ಎಂಬ ಬೆರಗು ಕಾದಿರುವುದು ಅಲ್ಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು, ಮಿಷನ್ ಆಸ್ಪತ್ರೆ ಎಂದರೆ ಊರವರಿಗೆಲ್ಲ ಗೊತ್ತು, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ದಪ್ಪ ಲೆಡ್ಜರುಗಳಲ್ಲಿ ಬರೆದಿಟ್ಟರು. ಯಾವ ಸಂಶೋಧನೆಯ ಆಸೆಯೂ ಇಲ್ಲದೆ ನರ್ಸುಗಳು ಶ್ರದ್ಧೆಯಿಂದ ಬರೆದ ಆ ಅಂಕಿಗಳೇ ಮುಂದೆ ಚಿನ್ನವಾದವು. ಹುಟ್ಟಿದಾಗ ಸಣ್ಣಗಿದ್ದವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದ್ರೋಗ ಹೆಚ್ಚು ಎಂಬುದು ಆ ದಾಖಲೆಗಳಿಂದಲೇ 1996ರಲ್ಲಿ ಹೊರಬಿತ್ತು. ಆಮೇಲೆ ಅದೇ ಆಸ್ಪತ್ರೆಯಲ್ಲಿ ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಎಂದು ಹೊಸದಾಗಿ ಹುಟ್ಟಿದ ಮಕ್ಕಳ ಬೆನ್ನು ಹತ್ತಿದರು. ಜಿ.ವಿ. ಕೃಷ್ಣವೇಣಿ ಮತ್ತವರ ಜೊತೆಗಾರರು ಆ ಮಕ್ಕಳು ಒಂಬತ್ತು ವರ್ಷದವರಾದಾಗ ಕೈಗೆ ಹಿಡಿ ಕೊಟ್ಟು ಅದುಮಿಸಿದರು. 2010ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಹೆಚ್ಚು ತೂಕ, ಹೆಚ್ಚು ಉದ್ದ ಇದ್ದ ಕೂಸಿಗೆ ಒಂಬತ್ತನೇ ವರ್ಷದಲ್ಲಿ ಹೆಚ್ಚು ಮುಷ್ಟಿಬಲ!

ಮೈಸೂರಿನ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಪಕ್ಕ ಇಟ್ಟು ಅಳೆದಾಗ ಇನ್ನೂ ಒಂದು ಗುಟ್ಟು ತಿಳಿಯಿತು. ನಮ್ಮ ಮಕ್ಕಳು ಎಲ್ಲ ಅಳತೆಯಲ್ಲೂ ಸಣ್ಣವು. ಆದರೆ ಬೆನ್ನಿನ ಮೇಲಿನ ಕೊಬ್ಬಿನಲ್ಲಿ ಮಾತ್ರ ಅಷ್ಟೊಂದು ಕಡಿಮೆಯಿಲ್ಲ. ಕೊರತೆ ಬಿದ್ದಿದ್ದು ಸ್ನಾಯುವಿನಲ್ಲಿ. ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಕೂಡ ಇದನ್ನೇ ಕಂಡಿದ್ದರು. ತೆಳ್ಳಗೆ ಕಾಣುವ ಮೈ, ಒಳಗೆ ಮಾತ್ರ ಕೊಬ್ಬು. ನಮ್ಮ ಕಡೆ ಸಣಕಲು ಮೈಯವರಿಗೂ ನಲವತ್ತಕ್ಕೇ ಶುಗರ್ ಬರುತ್ತದಲ್ಲ, ಅದಕ್ಕೆ ಇದೊಂದು ಬಲವಾದ ಕಾರಣ. ಹಾಗಾದರೆ ಸ್ನಾಯು ಬೆಳೆಸಿಕೊಳ್ಳುವ ಅಗತ್ಯ ಯಾರಿಗಾದರೂ ಹೆಚ್ಚಾಗಿದ್ದರೆ ಅದು ನಮಗೇ ಅಲ್ಲವೇ? ಜಿಮ್ ಎಂದರೆ ಸಿನಿಮಾ ಹೀರೊಗಳ ಖಯಾಲಿ ಎಂದು ನಾವು ಬಿಟ್ಟುಕೊಟ್ಟಿದ್ದೇವೆ. ನನ್ನ ಮಟ್ಟಿಗೆ ಹೇಳುವುದಾದರೆ, ಅದರ ಅಗತ್ಯ ಮೊದಲು ಇರುವುದು ಕನ್ನಡನಾಡಿನ ಅರವತ್ತು ದಾಟಿದ ಅಜ್ಜ, ಅಜ್ಜಿಯರಿಗೆ.

ಅರವತ್ತು ದಾಟಿದವರಿಗೆ ಸ್ನಾಯು ಬೆಳೆಯುತ್ತದೆಯೇ? ಬೆಳೆಯುವುದಿಲ್ಲ ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಮೂವತ್ತು, ನಲವತ್ತರ ನಂತರ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬಿರುಸಾಗಿ. ಬಲವಂತೂ ಅದಕ್ಕಿಂತ ಬೇಗ ಇಳಿಯುತ್ತದೆ. ವಯಸ್ಸಾಯಿತು, ಇನ್ನೇನು, ಎಂದು ವೈದ್ಯರೂ ಅನ್ನುತ್ತಿದ್ದ ಕಾಲವದು.

ಆಗ ಅಮೆರಿಕದ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆಗೆ ಎಂಥ ಧೈರ್ಯ ಬಂತು ನೋಡಿ! ಅಲ್ಲಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 86ರಿಂದ 96 ವರ್ಷದ ಹತ್ತು ಮಂದಿಯನ್ನು ಆಯ್ದುಕೊಂಡರು. ಗಟ್ಟಿಮುಟ್ಟಾದವರನ್ನಲ್ಲ, ಬಿದ್ದು ಎದ್ದವರನ್ನು, ಕೋಲು ಹಿಡಿದವರನ್ನು, ಮೈತುಂಬ ಕಾಯಿಲೆ ಹೊತ್ತವರನ್ನು. ಅವರ ಕಾಲಿಗೆ ಭಾರ ಕೊಟ್ಟರು. ಹಗುರ ಭಾರವಲ್ಲ! ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇ 80. ಕೂತಲ್ಲೇ ಮಂಡಿ ನೀಟಿ ಕಾಲನ್ನು ಮೇಲೆತ್ತಬೇಕು, ನಿಧಾನಕ್ಕೆ ಇಳಿಸಬೇಕು. ಎಂಟು ಸಲ, ಮತ್ತೆ ಎಂಟು, ಮತ್ತೆ ಎಂಟು. ವಾರಕ್ಕೆ ಮೂರು ದಿನ. ಬಲ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸಿದರು. ಎಂಟೇ ವಾರ.

ಒಂಬತ್ತು ಮಂದಿ ಮುಗಿಸಿದರು. ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತ್ತು. ಮತ್ತೊಮ್ಮೆ ಓದಿ: ಶೇ 174! ಎರಡೂವರೆ ಪಟ್ಟಿಗೂ ಮಿಕ್ಕಿ ಬಲ, ತೊಂಬತ್ತರ ವಯಸ್ಸಿನಲ್ಲಿ. ಸ್ಕ್ಯಾನ್ ಮಾಡಿ ನೋಡಿದರೆ ತೊಡೆಯ ನಡುವಿನ ಸ್ನಾಯು ಶೇ 9ರಷ್ಟು ಬೆಳೆದಿತ್ತು. ಒಂದರ ಹಿಂದೊಂದು ಹೆಜ್ಜೆ ಇಟ್ಟು ನಡೆಯುವ ವೇಗ ಶೇ 48ರಷ್ಟು ಹೆಚ್ಚಿತ್ತು. ಇಬ್ಬರು ಕೋಲನ್ನೇ ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದ ಮೂವರಲ್ಲಿ ಒಬ್ಬರು ಎದ್ದು ನಿಂತರು. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು ಅಚ್ಚಾದಾಗ, ಇಷ್ಟೇ ಜನರಲ್ಲವೇ ಎಂದು ಅನುಮಾನಿಸಿದವರಿಗೆ ನಾಲ್ಕು ವರ್ಷದಲ್ಲಿ ಉತ್ತರ ಸಿಕ್ಕಿತು. ಈ ಸಲ ನೂರು ಮಂದಿ, ಸರಾಸರಿ ವಯಸ್ಸು 87, ಹತ್ತು ವಾರ. ಭಾರ ಎತ್ತಿದವರ ಬಲ ಶೇ 113ರಷ್ಟು ಏರಿತು. ಎತ್ತದವರದು ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಕೆಲವರಿಗೆ ಭಾರವಿಲ್ಲದೆ ಬರೀ ಪೌಷ್ಟಿಕ ಪೇಯ ಕೊಟ್ಟು ನೋಡಿದರು. ಬಲಕ್ಕೆ ಅದರಿಂದ ಏನೂ ಆಗಲಿಲ್ಲ. ಡಬ್ಬಿಯ ಪುಡಿಯನ್ನು ಹಾಲಿಗೆ ಕಲಸಿ ಕುಡಿಸಿ ಅಪ್ಪನ ಕಾಲಿಗೆ ಬಲ ಬರಲಿ ಎಂದು ಕಾಯುವ ಮನೆಗಳು ಇದನ್ನು ಗಮನಿಸಬೇಕು. ಸ್ನಾಯುವಿಗೆ ಮೊದಲು ಕೆಲಸ ಬೇಕು. ಕೆಲಸ ಕೊಟ್ಟ ಮೇಲೆ ಊಟವೂ ಬೇಕೇ ಬೇಕು. ಮುದ್ದೆಯ ಜೊತೆ ಹುರುಳಿ, ಅವರೆ, ಮೊಟ್ಟೆ, ಮೊಸರು. ಬರೀ ಅನ್ನ, ತಿಳಿಸಾರು ಸಾಲದು.

ಒಳಗೆ ಏನಾಗುತ್ತದೆ ಎಂಬುದು ಇನ್ನೂ ದೊಡ್ಡ ವಿಸ್ಮಯ. ಮೊದಲ ಕೆಲವು ವಾರ ಸ್ನಾಯು ಹೆಚ್ಚೇನೂ ದಪ್ಪವಾಗುವುದಿಲ್ಲ, ಆದರೂ ಬಲ ಏರುತ್ತಲೇ ಹೋಗುತ್ತದೆ. ಎಲ್ಲಿಂದ ಬಂತು ಆ ಬಲ? ಮಿದುಳಿನಿಂದ, ನರಗಳಿಂದ! ಇಷ್ಟು ವರ್ಷ ಸುಮ್ಮನೆ ಕೂತಿದ್ದ ಸ್ನಾಯುತಂತುಗಳನ್ನು ನರಗಳು ಒಟ್ಟಿಗೆ ಎಬ್ಬಿಸಲು ಕಲಿಯುತ್ತವೆ. ಇದಕ್ಕೆ ಸಾಕ್ಷಿ ನೂರಮೂವತ್ತು ವರ್ಷದ ಹಿಂದೆಯೇ ಸಿಕ್ಕಿತ್ತು. 1894ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಕೈಗೆ ಮಾತ್ರ ತಾಲೀಮು ಕೊಡಿಸಿ ನೋಡಿದಾಗ, ತಾಲೀಮೇ ಇಲ್ಲದ ಇನ್ನೊಂದು ಕೈಯ ಬಲವೂ ಏರಿತ್ತು. ಏನೂ ಮಾಡದ ಕೈ! ಒಂದು ಕೈ ಮುರಿದು ಪ್ಲಾಸ್ಟರಿನಲ್ಲಿರುವವರಿಗೆ ಇನ್ನೊಂದು ಕೈಗೆ ಕಸರತ್ತು ಕೊಡಿಸಿದರೆ ಮುರಿದ ಕೈ ಅಷ್ಟಾಗಿ ಸೊರಗುವುದಿಲ್ಲ ಎಂದು ಇಂದಿನ ಫಿಸಿಯೊಥೆರಪಿಯವರು ಈ ಗುಟ್ಟನ್ನೇ ಬಳಸುತ್ತಿದ್ದಾರೆ.

ನರಗಳ ಪಾಠದ ಜೊತೆಗೆ ತಂತುಗಳ ಸರದಿ ಬರುತ್ತದೆ. ನಮ್ಮ ಮೈಯ ಬಹುತೇಕ ಬಗೆಯ ಜೀವಕೋಶಗಳಿಗೆ ಒಂದೊಂದೇ ಕೋಶಕೇಂದ್ರ. ಉದ್ದುದ್ದನೆಯ ಸ್ನಾಯುತಂತುವಿಗೆ ಮಾತ್ರ ನೂರಾರು! ಅದರ ಅಂಚಿನಲ್ಲಿ ನಿದ್ದೆ ಹೋದಂತಿರುವ ಪುಟ್ಟ ಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದರು. ಭಾರ ಬಿದ್ದಾಗ ಅವು ಎಚ್ಚರಗೊಂಡು, ಹೆಚ್ಚಿ, ತಂತುವಿನೊಳಗೆ ಕರಗಿ ತಮ್ಮ ಕೇಂದ್ರವನ್ನೇ ಅದಕ್ಕೆ ಧಾರೆ ಎರೆಯುತ್ತವೆ. ನಾರ್ವೆಯ ಆಸ್ಲೊದಲ್ಲಿ 2010ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಇನ್ನೊಂದು ಅಚ್ಚರಿ ಹೇಳಿತು. ಕೆಲಸ ನಿಂತು ಸ್ನಾಯು ಸೊರಗಿದರೂ, ಹಾಗೆ ಬಂದು ಸೇರಿದ ಕೇಂದ್ರಗಳು ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ಹಾಗೆಯೇ ಎಂಬ ಚರ್ಚೆ ನಡೆದೇ ಇದೆ. ಹರೆಯದಲ್ಲಿ ಸಾಮು ಮಾಡಿದವನಿಗೆ ನಡುವೆ ಬಿಟ್ಟರೂ ಮೈ ಬೇಗ ಹಿಂದಿರುಗುತ್ತದೆ ಎಂದು ಗರಡಿಯ ಉಸ್ತಾದರು ಹೇಳುತ್ತಿದ್ದ ಮಾತು ನೆನಪಾಗಿ ನನಗಂತೂ ರೋಮಾಂಚನವಾಯಿತು.

ಇನ್ನು ಸಕ್ಕರೆಯ ವಿಷಯ. ಐಸಿಎಂಆರ್ ಬೆಂಬಲದ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜು: ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. ಭದ್ರಾ ನಾಲೆಯ ನೀರು ಬಂದ ಮೇಲೆ ಭತ್ತ ಬೆಳೆದು ಮೂರು ಹೊತ್ತೂ ಅನ್ನ ಉಣ್ಣುವ ನಮ್ಮ ಕಡೆಯ ಹಳ್ಳಿಗಳಲ್ಲಿ ಶುಗರ್ ಮಾತ್ರೆ ಇಲ್ಲದ ಮನೆ ಹುಡುಕುವುದು ಕಷ್ಟವಾಗುತ್ತಿದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನು ತುಂಬಿಕೊಳ್ಳುವ ದೊಡ್ಡ ಕಣಜ ಯಾವುದು ಗೊತ್ತೇ? ಸ್ನಾಯು! ಇನ್ಸುಲಿನ್ ಬಂದು ಬಾಗಿಲು ತಟ್ಟಿದಾಗ ಸಕ್ಕರೆಯ ಬಹುಪಾಲನ್ನು ಒಳಗೆ ಎಳೆದುಕೊಳ್ಳುವುದು ಅದೇ. ಕಣಜ ಚಿಕ್ಕದಾದರೆ ಸಕ್ಕರೆ ಹೊರಗೇ ಉಳಿಯುತ್ತದೆ. ಇದಕ್ಕಿಂತ ಸೋಜಿಗದ ಸಂಗತಿ ಎಂದರೆ, ದುಡಿಯುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯುವುದೂ ಇಲ್ಲ. ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವ ‘ಗ್ಲುಟ್-4’ ಎಂಬ ಪ್ರೋಟೀನು ಸ್ನಾಯುವಿನ ಸಂಕೋಚನಕ್ಕೇ ಎದ್ದು ಕೋಶದ ಹೊರಪದರಕ್ಕೆ ಬಂದು ನಿಲ್ಲುತ್ತದೆ. ಇನ್ಸುಲಿನ್ನಿನ ಮಾತು ಕೇಳದ ಮೈಯಲ್ಲೂ ಈ ದಾರಿ ತೆರೆದೇ ಇರುತ್ತದೆ! ಕೋಪನ್‌ಹೇಗನ್ನಿನ ಬೆಂಟೆ ಪೆಡರ್ಸನ್ ಅವರ ತಂಡ ಇನ್ನೂ ಮುಂದೆ ಹೋಗಿ, ದುಡಿಯುವ ಸ್ನಾಯು ತಾನೇ ರಾಸಾಯನಿಕಗಳನ್ನು ರಕ್ತಕ್ಕೆ ಬಿಟ್ಟು ಯಕೃತ್ತಿಗೆ, ಕೊಬ್ಬಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ತೋರಿಸಿತು. ಎಲುಬನ್ನು ಎಳೆಯುವ ಹಗ್ಗ ಎಂದುಕೊಂಡಿದ್ದ ಮಾಂಸವು ಥೈರಾಯ್ಡ್, ಮೇದೋಜೀರಕ ಗ್ರಂಥಿಗಳ ಸಾಲಿಗೆ ಸೇರಿಬಿಟ್ಟಿತು.

ಇಷ್ಟನ್ನು ನಲ್ಲೂರಿನ ಚಹಾ ಹೋಟೆಲಿನಲ್ಲಿ ಉತ್ಸಾಹದಿಂದ ಹೇಳುತ್ತಿದ್ದಾಗ ಪಕ್ಕದ ಬೆಂಚಿನ ಹಿರಿಯರೊಬ್ಬರು ಲೋಟ ಕೆಳಗಿಟ್ಟರು. “ಅಲ್ಲಪ್ಪಾ ತಮ್ಮಾ, ನಾವು ಹುಟ್ಟಿದಾಗಿಂದ ಎತ್ತಿದ್ದೇ ಎತ್ತಿದ್ದು. ಗೊಬ್ಬರದ ಚೀಲ ಎತ್ತಿದ್ವಿ, ಭತ್ತದ ಚೀಲ ಎತ್ತಿದ್ವಿ, ಅಡಿಕೆ ಹಂಡೆ ಎತ್ತಿದ್ವಿ. ಮತ್ತೆ ನಮ್ಮ ಮಂಡಿ ಯಾಕೆ ಹಿಂಗಾತು ಹೇಳು ನೋಡಾಣ.” ಎಲ್ಲರೂ ನನ್ನ ಮುಖ ನೋಡಿದರು. ಇಡೀ ಸಂಶೋಧನಾ ಲೋಕವನ್ನು ಕಾಡುತ್ತಿರುವ ಪ್ರಶ್ನೆಯನ್ನೇ ಆ ಹಿರಿಯರು ಕೇಳಿದ್ದರು!

ದುಡಿಮೆ ಮೈಗೆ ಒಳ್ಳೆಯದು ಎಂಬುದಕ್ಕೆ ಹಳೆಯ ಆಧಾರವಿದೆ. ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ಹಡಗಿನ ಸರಕು ಹೊರುತ್ತಿದ್ದ 6,351 ಹಮಾಲರನ್ನು ರಾಲ್ಫ್ ಪ್ಯಾಫನ್‌ಬಾರ್ಜರ್ 22 ವರ್ಷ ಗಮನಿಸಿ 1975ರಲ್ಲಿ ಬರೆದರು. ಭಾರಿ ಹೊರೆ ಹೊರುವವರಲ್ಲಿ ಹೃದಯಾಘಾತದ ಸಾವು, ಹಗುರ ಕೆಲಸದವರಿಗಿಂತ ತೀರಾ ಕಡಿಮೆ. ಆದರೆ 2021ರಲ್ಲಿ ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ತಂಡ 1,04,046 ಜನರ ಲೆಕ್ಕ ಬಿಚ್ಚಿಟ್ಟಿತು. ಬಿಡುವಿನಲ್ಲಿ ಮಾಡುವ ಕಸರತ್ತು ಆಯುಸ್ಸನ್ನು ಕಾಯುತ್ತದೆ; ಹೊಟ್ಟೆಪಾಡಿನ ದುಡಿಮೆ ಹೆಚ್ಚಾದಷ್ಟೂ ಅಪಾಯ ಹೆಚ್ಚುತ್ತದೆ. ಕಾರಣ ಹುಡುಕುತ್ತ ಹೋದರೆ ಅರ್ಥವಾಗುವುದು ಹೀಗೆ: ಕೂಲಿ ಕೆಲಸದಲ್ಲಿ ಭಾರ ಮೈಯ ಅಳತೆಗೆ ಬರುವುದಿಲ್ಲ, ಮೈಯೇ ಭಾರದ ಅಳತೆಗೆ ಬಗ್ಗಬೇಕು. ಇವತ್ತು ಸೊಂಟ ಹಿಡಿದಿದ್ದರೂ ನಾಳೆ ಅದೇ ಚೀಲ. ಗಂಟೆಗಟ್ಟಲೆ ಅದೇ ಬಾಗು. ನಡುವೆ ವಿಶ್ರಾಂತಿಯಿಲ್ಲ, ರಾತ್ರಿಯೂ ಬಿಪಿ ಇಳಿಯುವುದಿಲ್ಲ. ಮೆಟ್ಟುಗತ್ತಿಯ ಮುಂದೆ ಬೆರಳಿಗೆ ಹತ್ತು ಗಂಟೆ ಕೆಲಸ, ತೊಡೆಗೆ ಹತ್ತು ಗಂಟೆ ಜಡ. ತಾಲೀಮಿನಲ್ಲಿ ಇದೆಲ್ಲ ತಿರುವುಮುರುವು. ಕೊಂಚ ಹೊತ್ತು, ತಕ್ಕಷ್ಟು ಭಾರ, ಮೈಯ ಎಲ್ಲ ದೊಡ್ಡ ಸ್ನಾಯುಗಳಿಗೂ ಸರದಿ, ಆಮೇಲೆ ಒಂದೆರಡು ದಿನ ಬಿಡುವು, ಆಮೇಲೆ ತುಸು ಹೆಚ್ಚಿನ ಭಾರ.

ಈ ‘ತುಸು ಹೆಚ್ಚಿನ ಭಾರ’ವನ್ನು ಆಸ್ಪತ್ರೆಗೆ ತಂದ ಮನುಷ್ಯನ ಕಥೆ ಕೇಳಿ. ತಾಮಸ್ ಡಿಲಾರ್ಮ್ ಎಂಬ ಹುಡುಗನಿಗೆ ಸಂಧಿವಾತದ ಜ್ವರ ಬಂದು ಹೃದಯಕ್ಕೆ ಅಪಾಯ ಎಂದು ಹಾಸಿಗೆಯಲ್ಲಿ ಮಲಗಿಸಿದ್ದರು. ಚೇತರಿಸಿಕೊಂಡವನು ಭಾರ ಎತ್ತಿ ಎತ್ತಿಯೇ ಗಟ್ಟಿಯಾದ, ಡಾಕ್ಟರಾದ. ಎರಡನೇ ಮಹಾಯುದ್ಧದಲ್ಲಿ ಶಿಕಾಗೊದ ಸೈನಿಕ ಆಸ್ಪತ್ರೆ ಮಂಡಿ ಮುರಿದ ಯೋಧರಿಂದ ತುಂಬಿ ಹೋಗಿತ್ತು. ಹಗುರ ವ್ಯಾಯಾಮದಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಡಿಲಾರ್ಮ್ ಆ ಯೋಧರ ಕಾಲಿಗೆ ನಿಜವಾದ ಭಾರ ಕಟ್ಟಿದರು, ಹತ್ತು ಸಲ ಎತ್ತಬಲ್ಲಷ್ಟನ್ನು ಅಳೆದು, ವಾರವಾರ ಏರಿಸಿದರು. 1945ರಲ್ಲಿ ಅವರು ಬರೆದ ಲೇಖನದಿಂದ ಹುಟ್ಟಿದ ಪದ್ಧತಿಯೇ ಇಂದು ಜಗತ್ತಿನ ಎಲ್ಲ ಜಿಮ್‌ಗಳಲ್ಲಿ ‘ಮೂರು ಸೆಟ್, ಹತ್ತು ಸಲ’ ಎಂದು ನಡೆಯುತ್ತಿರುವುದು.

ನಮ್ಮ ನೆಲಕ್ಕೆ ಭಾರದ ವಿದ್ಯೆ ಹೊಸದೇ? ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಅವರು ಏನು ಉಣ್ಣಬೇಕು, ಎಷ್ಟು ಸಾಮು ಮಾಡಬೇಕು ಎಂಬುದೆಲ್ಲ ಅಲ್ಲಿದೆ. ಸಾಮಿನ ಬಗೆಗಳಲ್ಲಿ ಈಜು, ನಡಿಗೆ, ಕಂಬದ ಕಸರತ್ತುಗಳ ಜೊತೆಗೆ ಭಾರಶ್ರಮವೂ ಇದೆ. ಭಾರಶ್ರಮ! ಒಂಬತ್ತು ಶತಮಾನದ ಹಿಂದೆ! ಅಲ್ಲಿಂದ ಊರೂರಿನ ಗರಡಿಗಳವರೆಗೆ ಈ ವಿದ್ಯೆ ಹರಿದು ಬಂತು. ದಂಡ, ಬಸ್ಕಿ, ಗದೆ, ಸಂಗ್ರಾಣಿ ಕಲ್ಲು. ಹನುಮಪ್ಪನ ಗುಡಿಯ ಮುಂದೆ ಬಿದ್ದಿರುತ್ತಿದ್ದ ಗುಂಡುಕಲ್ಲುಗಳು ಒಂದೇ ಗಾತ್ರದವಲ್ಲ. ಚಿಕ್ಕದನ್ನು ಮಂಡಿಗೆ ತಂದವನು ಮುಂದಿನ ಜಾತ್ರೆಗೆ ಎದೆಗೆ ತರುತ್ತಿದ್ದ, ಆಮೇಲೆ ದೊಡ್ಡದಕ್ಕೆ ಕೈ ಹಾಕುತ್ತಿದ್ದ. ಡಿಲಾರ್ಮ್ ಹೇಳಿದ್ದೂ ಇದನ್ನೇ ಅಲ್ಲವೇ!

ಗರಡಿಗೂ ಡಂಬೆಲ್ಲಿಗೂ ನಂಟು ಬೆಸೆದ ಕನ್ನಡಿಗರೆಂದರೆ ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಬರೆದವರೇ. ಆ ಕಾದಂಬರಿಗಳನ್ನು ಓದಿ ಕಣ್ಣೀರು ಹಾಕಿದವರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ, ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ, ಅಂಚೆಯ ಮೂಲಕವೂ ಪಾಠ ಕಳಿಸಿ, 1930ರಷ್ಟು ಹಿಂದೆಯೇ ಸ್ನಾಯು ಬೆಳೆಸುವ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರೆಂದು. ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಂದೇ ಸಾಧನೆಯ ಭಾಗವೆಂದು ಕಂಡವರು ಅವರು. ನಮ್ಮಲ್ಲಿ ಆಮೇಲೆ ಗರಡಿ ಬರೀ ಕುಸ್ತಿಗೆ, ಜಿಮ್ ಬರೀ ಅಂದಕ್ಕೆ, ಯೋಗ ಬರೀ ಆರೋಗ್ಯಕ್ಕೆ ಎಂದು ಒಡೆದುಹೋದದ್ದು ದೊಡ್ಡ ನಷ್ಟ. ಇನ್ನೂ ದೊಡ್ಡ ನಷ್ಟವೆಂದರೆ ಗರಡಿಯ ಬಾಗಿಲು ಹೆಂಗಸರಿಗೆ ಬಹುಮಟ್ಟಿಗೆ ತೆರೆಯದೇ ಹೋದದ್ದು.

ಏಕೆಂದರೆ ಭಾರದ ಅಗತ್ಯ ಅವರ ಎಲುಬಿಗೆ ಇನ್ನೂ ಹೆಚ್ಚು. ಮುಟ್ಟು ನಿಂತ ಮೇಲೆ ಮೂಳೆ ಬೇಗ ಬೇಗ ಸವೆಯುತ್ತದೆ. “ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟ ಮುರೀತು, ಆಮೇಲೆ ಏಳಲೇ ಇಲ್ಲ” ಎಂಬ ಮಾತು ಕೇಳದ ಬೀದಿ ಯಾವುದಿದೆ? ಮೂಳೆ ಸವೆದವರಿಗೆ ಭಾರ ಮುಟ್ಟಬೇಡಿ ಎಂದೇ ಎಲ್ಲರೂ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಅವರ ತಂಡ ಮೂಳೆ ಸವೆದ 101 ಹೆಂಗಸರನ್ನು ಸೇರಿಸಿಕೊಂಡಿತು. ಎಲ್ಲರೂ 58 ದಾಟಿದವರು. ಅರ್ಧದಷ್ಟು ಮಂದಿಗೆ ವಾರಕ್ಕೆ ಎರಡೇ ದಿನ, ದಿನಕ್ಕೆ ಅರ್ಧ ಗಂಟೆ, ಪಳಗಿದ ತರಬೇತುದಾರರ ಕಣ್ಣೆದುರಿಗೇ ಭಾರಿ ತಾಲೀಮು. ನೆಲದಿಂದ ಭಾರ ಎತ್ತುವುದು, ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವುದು, ತಲೆಯ ಮೇಲಕ್ಕೆ ಎತ್ತುವುದು, ಜಿಗಿದು ಇಳಿಯುವುದು. ಎಂಟು ತಿಂಗಳ ಮೇಲೆ ಅವರ ಬೆನ್ನೆಲುಬಿನ ಸಾಂದ್ರತೆ ಶೇ 2.9ರಷ್ಟು ಏರಿತ್ತು; ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಉಳಿದವರದು ಶೇ 1.2ರಷ್ಟು ಇಳಿದಿತ್ತು. ಏರಿತು! ಸವೆಯುವ ವಯಸ್ಸಿನಲ್ಲಿ ಎಲುಬು ಕಟ್ಟಿಕೊಂಡಿತು! ಬೆನ್ನು ಮುರಿಯುತ್ತದೆ ಎಂಬ ಭಯ? ತಾಲೀಮಿನವರಲ್ಲಿ ಒಬ್ಬರಿಗೆ ಮಾತ್ರ ಸಣ್ಣಗೆ ಸೊಂಟ ಹಿಡಿದಿತ್ತು. ನಮ್ಮಲ್ಲಿ ಬಾವಿಯಿಂದ ನೀರು ಸೇದಿ, ಸೊಂಟಕ್ಕೊಂದು ತಲೆಗೊಂದು ಕೊಡ ಹೊತ್ತು ತರುತ್ತಿದ್ದ ಹೆಂಗಸರ ಮನೆಬಾಗಿಲಿಗೆ ನಲ್ಲಿ ಬಂತು. ಬರಲೇಬೇಕಿತ್ತು, ಆ ಕಷ್ಟ ಮತ್ತೆ ಯಾರಿಗೂ ಬೇಡ. ಹೋದ ಭಾರದ ಜಾಗಕ್ಕೆ ಮಾತ್ರ ಅವರಿಗೆ ನಾವು ಏನನ್ನೂ ಕೊಡಲಿಲ್ಲ.

ಭಾರಕ್ಕೆ ಗೌರವವೂ ಬೇಕು. 1985ರಲ್ಲಿ ಕೆನಡಾದಲ್ಲಿ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದಾಗ, ಉಸಿರು ಕಟ್ಟಿ ಕಾಲಿನಿಂದ ಭಾರಿ ಭಾರ ತಳ್ಳುವ ಕ್ಷಣದಲ್ಲಿ ಒಬ್ಬರ ಬಿಪಿ 480/350ಕ್ಕೆ ಏರಿತ್ತು! ಎತ್ತುವಾಗ ಉಸಿರು ಬಿಡಬೇಕು, ಕಟ್ಟಬಾರದು. ಬಿಪಿ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು, ಶುಗರ್‌ನಿಂದ ಕಣ್ಣಿನ ಪರದೆ ಕೆಟ್ಟವರು ಡಾಕ್ಟರನ್ನು ಕೇಳದೆ ಕೈ ಹಾಕಬಾರದು. ಇನ್ನೊಂದು ಕಡೆ, ತಾಳ್ಮೆಯ ತಾಲೀಮು ಬಿಪಿಯನ್ನು ಇಳಿಸುತ್ತದೆ ಎಂಬುದೂ ಅಷ್ಟೇ ನಿಜ. 270 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಅಲುಗಾಡದೆ ಬಲ ಹಾಕಿ ನಿಲ್ಲುವ ಬಗೆಯೇ ಎಲ್ಲಕ್ಕಿಂತ ಮೇಲೆ ಬಂತು. ಮೇಲಿನ ಬಿಪಿ ಸರಾಸರಿ 8 ಅಂಕಿ ಇಳಿದಿತ್ತು. ಅದರಲ್ಲೂ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತಂತೆ ನಿಲ್ಲುವ ಭಂಗಿ. ಮನೆಪಾಠ ಬರೆಯದ ಹುಡುಗರಿಗೆ ಮೇಷ್ಟ್ರು ಕೊಡುತ್ತಿದ್ದ ಶಿಕ್ಷೆಯಲ್ಲಿ ಇಂಥ ಔಷಧ ಅಡಗಿತ್ತೆಂದು ಯಾರಿಗೆ ಗೊತ್ತಿತ್ತು!

ಎಷ್ಟು ಮಾಡಬೇಕು? ವಾರಕ್ಕೆ ಕನಿಷ್ಠ ಎರಡು ದಿನ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚಿ. ಜಪಾನಿನ ಸಂಶೋಧಕರು 2022ರಲ್ಲಿ ಜಗತ್ತಿನ ಹಲವು ಅಧ್ಯಯನಗಳನ್ನು ಕೂಡಿಸಿದಾಗ, ಸ್ನಾಯುಬಲದ ಕಸರತ್ತು ಮಾಡುವವರಲ್ಲಿ ಸಾವು, ಹೃದ್ರೋಗ, ಕ್ಯಾನ್ಸರ್, ಮಧುಮೇಹದ ಅಪಾಯ ಶೇ 10ರಿಂದ 17ರಷ್ಟು ಕಡಿಮೆ ಇತ್ತು. ಹೆಚ್ಚಿನ ಲಾಭ ವಾರಕ್ಕೆ ಅರ್ಧದಿಂದ ಒಂದು ಗಂಟೆಯಲ್ಲೇ ಸಿಕ್ಕಿಬಿಡುತ್ತಿತ್ತು. ಚನ್ನಗಿರಿಯ ಸಂತೆಗೆ ಹೋಗಿಬರುವಷ್ಟು ಹೊತ್ತೂ ಅಲ್ಲ! ಇದಕ್ಕೆ ಕನ್ನಡಿ ಹಾಕಿದ ಜಿಮ್ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಮೊದಲ ಪಾಠ. ಅದು ಸಲೀಸಾದ ಮೇಲೆ ಎದೆಗವಚಿಕೊಂಡ ಚೀಲದಲ್ಲಿ ಎರಡು ಕಿಲೋ ಮರಳು, ತಿಂಗಳಾದ ಮೇಲೆ ನಾಲ್ಕು ಕಿಲೋ. ಚೀಲದಲ್ಲಿ ಮರಳು ಏರುತ್ತಿರಬೇಕು ಎಂಬುದೊಂದನ್ನು ಮರೆಯಬಾರದು. ಅದೇ ಎರಡು ಕಿಲೋದಲ್ಲಿ ವರ್ಷ ಕಳೆದರೆ ಬಲವೂ ಅಲ್ಲೇ ನಿಲ್ಲುತ್ತದೆ.

ಆ ಹಿರಿಯರು ಹೋಟೆಲಿನಿಂದ ಏಳುವ ಮುನ್ನ ಇನ್ನೊಂದು ಕೇಳಿದ್ದರು. “ಒಂದು ವರ್ಷ ಮಾಡಿ ಬಿಟ್ಟರೆ ಎಲ್ಲ ನೀರಾಗೆ ಹೋಮ ಅಲ್ವಾ?” ಬಾಸ್ಟನ್ನಿನ ತೊಂಬತ್ತರವರು ಬಿಟ್ಟ ನಾಲ್ಕೇ ವಾರದಲ್ಲಿ ಬಲದ ಮೂರರಲ್ಲೊಂದು ಪಾಲು ಕಳೆದುಕೊಂಡಿದ್ದರು, ನಿಜ. ಆದರೆ ಕೋಪನ್‌ಹೇಗನ್ನಿನಲ್ಲಿ, ಕೆಲಸದಿಂದ ನಿವೃತ್ತಿಯಾಗುವ ವಯಸ್ಸಿನ 451 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನದಂತೆ ಒಂದು ವರ್ಷ ಭಾರಿ ಭಾರ, ಇನ್ನೊಂದಕ್ಕೆ ನಡುಮಟ್ಟದ ತಾಲೀಮು, ಮತ್ತೊಂದಕ್ಕೆ ಏನೂ ಇಲ್ಲ. ಅಧ್ಯಯನ ಶುರುವಾಗಿ ನಾಲ್ಕು ವರ್ಷದ ಬಳಿಕ ಅವರನ್ನು ಮತ್ತೆ ಕರೆದು, ಬಂದವರ ಕಾಲಿನ ಬಲ ಅಳೆದರು. ಉಳಿದೆರಡು ಗುಂಪಿನವರ ಬಲ ಇಳಿದಿತ್ತು. ಆ ಒಂದು ವರ್ಷ ಭಾರಿ ಭಾರ ಎತ್ತಿದವರ ಕಾಲಿನ ಬಲ ಮಾತ್ರ, ಸರಾಸರಿ ಎಪ್ಪತ್ತು ದಾಟಿದ ಮೇಲೂ, ಅಧ್ಯಯನ ಶುರುವಾದ ದಿನ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. 2024ರಲ್ಲಿ ಪ್ರಕಟವಾದ ಲೆಕ್ಕವಿದು. ಮುಂದಿನ ಸಲ ನಲ್ಲೂರಿಗೆ ಹೋದಾಗ ಅವರಿಗೆ ಮೊದಲು ಹೇಳಬೇಕಾಗಿರುವುದು ಇದನ್ನೇ. ಅಡಿಕೆ ಸುಲಿಯುವ ಆ ಅಜ್ಜಿಗೂ ಹೇಳಬೇಕು, ಒಂದು ಖಾಲಿ ಚೀಲವನ್ನೂ ಜೊತೆಗೆ ಒಯ್ಯಬೇಕು. ಮರಳು ಅಲ್ಲೇ ಸಿಗುತ್ತದೆ.